ಕಳ್ಳಿ, ಜಾಲಿ, ಸೀಮೆ: ದತ್ತಮಂಡಲದ ಎರಡು ಗಿಡಗಳ ಚರಿತ್ರೆ

ಬಳ್ಳಾರಿಯಿಂದ ರಾಯದುರ್ಗಕ್ಕೆ ಹೋಗುವ ದಾರಿಯಲ್ಲಿ ರಾಜ್ಯದ ಗಡಿ ಎಲ್ಲಿ ಮುಗಿಯಿತೆಂಬುದನ್ನು ನೆಲ ಹೇಳುವುದಿಲ್ಲ, ಫಲಕಗಳ ಲಿಪಿ ಹೇಳುತ್ತದೆ. ಗಡಿಗೆ ಮೊದಲು ಕಂಡ ಗಿಡಗಳೇ ಗಡಿಯ ನಂತರವೂ ಕಾಣುತ್ತವೆ. ರಸ್ತೆಯ ಎರಡೂ ಬದಿ, ಕೆರೆಯ ಅಂಗಳ, ಹಳ್ಳದ ದಡ, ಬಿತ್ತದೆ ಬಿಟ್ಟ ಹೊಲ, ಎಲ್ಲೆಲ್ಲೂ ಒಂದೇ ಮುಳ್ಳಿನ ಗಿಡ ಒತ್ತಾಗಿ ನಿಂತಿದೆ. ಕನ್ನಡದಲ್ಲಿ ಅದಕ್ಕೆ ಬಳ್ಳಾರಿ ಜಾಲಿಯೆಂದು ಹೆಸರು. ತೆಲುಗಿನಲ್ಲಿ ಸರ್ಕಾರು ತುಮ್ಮ. ಒಂದೇ ಗಿಡವನ್ನು ಒಂದು ಭಾಷೆ ಊರಿಗೂ ಇನ್ನೊಂದು ಭಾಷೆ ಆಳುವವರಿಗೂ ಸೇರಿಸಿ ಕರೆದಿದೆ. ಈ ಗಿಡ ಊರಿನದೂ ಅಲ್ಲ, ಮೂಲತಃ ಈ ದೇಶದ್ದೂ ಅಲ್ಲ ಎಂಬುದು ನೆನಪಾದಾಗ ಈ ಎರಡು ಹೆಸರುಗಳ ಹಿಂದಿನ ಚರಿತ್ರೆಯನ್ನು ಕೇಳಬೇಕೆನಿಸುತ್ತದೆ.

ಗಿಡಮರಗಳು ತಮ್ಮ ಪರಿಸರಕ್ಕೆ ಹೊಂದಿಕೊಂಡು ಬದುಕುವ ಬಗೆಯನ್ನು ಸಾಮಾನ್ಯವಾಗಿ ಜೀವಶಾಸ್ತ್ರದ ವಿಷಯವೆಂದು ಭಾವಿಸುತ್ತೇವೆ. ಆದರೆ ಆದವಾನಿ, ಆಲೂರು, ರಾಯದುರ್ಗ, ಮಡಕಶಿರಾಗಳಂತಹ ಒಣನಾಡಿನಲ್ಲಿ ಆ ಹೊಂದಾಣಿಕೆಯನ್ನು ಆಡಳಿತದ ಚರಿತ್ರೆಯಿಂದಲೂ ಜನರು ಕೊಟ್ಟ ಹೆಸರುಗಳಿಂದಲೂ ಬೇರ್ಪಡಿಸಿ ಓದುವುದು ಕಷ್ಟ. ಪಾಪಾಸುಕಳ್ಳಿ ಮತ್ತು ಬಳ್ಳಾರಿ ಜಾಲಿ ಎಂಬ ಎರಡು ಗಿಡಗಳನ್ನು ಹಿಡಿದು, ಅವು ಈ ನೆಲದಲ್ಲಿ ಹೇಗೆ ನೆಲೆ ನಿಂತವು, ನೆರೆಹೊರೆಯ ಭಾಷೆಗಳು ಅವನ್ನು ಹೇಗೆ ಗುರುತಿಸಿದವು, ಆ ಹೆಸರುಗಳಿಂದ ಗಡಿನಾಡಿನ ಕನ್ನಡದ ಅಧ್ಯಯನಕ್ಕೆ ದೊರೆಯುವುದೇನು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ನೆಲ, ಮಳೆ ಮತ್ತು ನಾಟಿ ಗಿಡಗಳು

ಹೈದರಾಬಾದಿನ ನಿಜಾಮನು 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಪ್ರದೇಶಕ್ಕೆ ದತ್ತಮಂಡಲವೆಂಬ ಹೆಸರು ಬಂತು. ಥಾಮಸ್ ಮನ್ರೋ 1807ರವರೆಗೆ ಅದರ ಪ್ರಧಾನ ಕಲೆಕ್ಟರನಾಗಿದ್ದ. ಮುಂದೆ ಅದು ಬಳ್ಳಾರಿ, ಕಡಪ ಎಂಬ ಜಿಲ್ಲೆಗಳಾಗಿ ಒಡೆಯಿತು. 1882ರಲ್ಲಿ ಬಳ್ಳಾರಿಯಿಂದ ಅನಂತಪುರ ಬೇರೆಯಾಯಿತು. ನೈಋತ್ಯ ಮಳೆಗಾಳಿಯನ್ನು ಪಶ್ಚಿಮಘಟ್ಟ ತಡೆಯುತ್ತದೆ. ಈಶಾನ್ಯ ಮಳೆಗಾಳಿ ಪೂರ್ವ ಕರಾವಳಿಯಿಂದ ಇಲ್ಲಿಗೆ ಬರುವ ಹೊತ್ತಿಗೆ ಬಡವಾಗಿರುತ್ತದೆ. ಹೀಗೆ ಎರಡು ಮಳೆಗಾಲಗಳ ನಡುವೆ ಸಿಕ್ಕ ಈ ನಾಡಿನ ಬಹುಭಾಗದಲ್ಲಿ ವರ್ಷದ ಮಳೆ ಸುಮಾರು 500ರಿಂದ 650 ಮಿಲಿಮೀಟರ್. ಮಳೆಯ ಮೊತ್ತಕ್ಕಿಂತ ಅದರ ಅನಿಶ್ಚಯವೇ ಇಲ್ಲಿ ದೊಡ್ಡದು. ಬಳ್ಳಾರಿ, ಆದವಾನಿಗಳ ಎರೆನೆಲ ಬೇಸಿಗೆಯಲ್ಲಿ ಬಿರಿಯುತ್ತದೆ. ರಾಯದುರ್ಗ, ಮಡಕಶಿರಾಗಳ ಕೆಂಪುನೆಲ ನೀರನ್ನು ಬಹುಕಾಲ ಹಿಡಿದಿಡುವುದಿಲ್ಲ.

ಇಂತಹ ನೆಲದಲ್ಲಿ ಗಿಡವೊಂದು ಬದುಕುವುದಕ್ಕೆ ಸ್ಥೂಲವಾಗಿ ಮೂರು ದಾರಿಗಳಿವೆ. ಮೊದಲನೆಯದು ಬರವನ್ನು ತಪ್ಪಿಸಿಕೊಳ್ಳುವುದು: ಮಳೆ ಬಿದ್ದೊಡನೆ ಮೊಳೆತು, ಕೆಲವೇ ವಾರಗಳಲ್ಲಿ ಹೂಬಿಟ್ಟು ಬೀಜ ಉದುರಿಸಿ ಒಣಗಿಹೋಗುವ ಹುಲ್ಲು ಮತ್ತು ಕಿರುಗಿಡಗಳ ದಾರಿ ಅದು. ಅವುಗಳಿಗೆ ಬೇಸಿಗೆಯೆಂದರೆ ಬೀಜದೊಳಗಿನ ನಿದ್ದೆ. ಎರಡನೆಯದು ಬರವನ್ನು ತಾಳಿಕೊಳ್ಳುವುದು: ಆಳಕ್ಕೆ ಬೇರಿಳಿಸಿ, ಎಲೆಯನ್ನು ಚಿಕ್ಕದಾಗಿಸಿ, ಬೇಕಾದಾಗ ಎಲೆಯನ್ನೇ ಉದುರಿಸಿ ನಿಲ್ಲುವ ಮರಗಳ ದಾರಿ. ಮೂರನೆಯದು ನೀರನ್ನು ಕೂಡಿಡುವುದು: ರಸಭರಿತವಾದ ಕಾಂಡದಲ್ಲಿ ಮಳೆಗಾಲದ ನೀರನ್ನು ತುಂಬಿಟ್ಟುಕೊಂಡು ಬೇಸಿಗೆಯುದ್ದಕ್ಕೂ ಜಿಪುಣತನದಿಂದ ಖರ್ಚುಮಾಡುವ ಕಳ್ಳಿಗಳ ದಾರಿ.

ಎರಡನೆಯ ದಾರಿಗೆ ಕರಿಜಾಲಿ ಒಳ್ಳೆಯ ನಿದರ್ಶನ. ಅದರ ಎಲೆ ನೂರಾರು ಕಿರುಪತ್ರಗಳಾಗಿ ಒಡೆದಿರುವುದರಿಂದ ಬಿಸಿಲಿನ ಕಾವು ಒಂದೆಡೆ ನಿಲ್ಲದು. ಎಲೆಯ ಬುಡದ ಉಪಪತ್ರಗಳು ಜೋಡಿಮುಳ್ಳುಗಳಾಗಿ ಮಾರ್ಪಟ್ಟು ಮೇಯುವ ಬಾಯಿಯನ್ನು ದೂರವಿಡುತ್ತವೆ. ಕೆರೆಯಂಗಳದಲ್ಲಿ ತಿಂಗಳುಗಟ್ಟಲೆ ನೀರು ನಿಂತರೂ, ಮುಂದೆ ತಿಂಗಳುಗಟ್ಟಲೆ ನೀರೇ ಇಲ್ಲದಿದ್ದರೂ ಅದು ಸಾಯುವುದಿಲ್ಲ. ಬನ್ನಿಯ ಕ್ರಮ ಇನ್ನೂ ವಿಶಿಷ್ಟವಾದುದು: ಬೇರು ಬಹಳ ಆಳಕ್ಕಿಳಿಯುವುದರಿಂದ ಅದು ಮಳೆಗೆ ಕಾಯದೆ ಕಡುಬೇಸಿಗೆಯಲ್ಲೇ ಚಿಗುರುತ್ತದೆ, ಮೇಲಿನ ಪದರದ ತೇವಕ್ಕಾಗಿ ಬೆಳೆಯೊಂದಿಗೆ ಹೆಚ್ಚು ಸ್ಪರ್ಧಿಸದ ಕಾರಣ ಅದರ ನೆರಳಿನಲ್ಲಿ ಪೈರು ಬೆಳೆಯುತ್ತದೆ. ಹೊಲದ ನಡುವೆ ಬನ್ನಿಯನ್ನು ಉಳಿಸಿಕೊಂಡ ರೈತನ ತಿಳಿವಳಿಕೆ ಪೂಜೆಯ ಕಾರಣವೊಂದರಿಂದಲೇ ಬಂದುದಲ್ಲ.

ನಾಟಿ ಗಿಡಗಳ ಹೆಸರುಗಳಲ್ಲಿ ಒಂದು ಸಾಮಾನ್ಯ ನಿಯಮ ಕಾಣುತ್ತದೆ. ಕನ್ನಡದ ಕರಿಜಾಲಿ, ಬಿಳಿಜಾಲಿಗಳಿಗೆ ತೆಲುಗಿನಲ್ಲಿ ನಲ್ಲತುಮ್ಮ, ತೆಲ್ಲತುಮ್ಮ ಎಂಬ ಹೆಸರುಗಳಿವೆ. ತಮಿಳಿನಲ್ಲಿ ಕರುವೇಲಂ, ವೆಳ್ವೇಲಂ. ಮೂರೂ ಭಾಷೆಗಳು ಬೇರೆ ಬೇರೆ ಪದಗಳಿಂದ ಒಂದೇ ನೋಟವನ್ನು ನೋಡಿವೆ: ತೊಗಟೆಯ ಬಣ್ಣ. ಚೌಕನೆಯ ಕಾಂಡದ ಕಳ್ಳಿಗೆ ಚದುರಗಳ್ಳಿಯೆಂದು ಹೆಸರಾಗಿರುವುದೂ ಹೀಗೆಯೇ. ಗಿಡದ ಮೈಯಲ್ಲಿ ಕಾಣುವ ಗುಣವೇ ನಾಟಿ ಗಿಡದ ಹೆಸರಾಗುತ್ತದೆ. ಇನ್ನು ಹೆಸರಿನ ಪದಗಳು ಯಾವ ಭಾಷೆಯಲ್ಲಿವೆ ಎಂಬುದೂ ರಾಜ್ಯದ ಎಲ್ಲೆಯನ್ನು ಅನುಸರಿಸುವುದಿಲ್ಲ. ಹಳದಿ ಹೂವಿನ ಒಂದೇ ಪೊದೆಗೆ ಕನ್ನಡದಲ್ಲಿ ಆವರಿಕೆ, ತಂಗಡಿ ಎಂಬ ಎರಡು ಹೆಸರುಗಳಿವೆ. ಆವರಿಕೆ ತಮಿಳಿನ ಆವಾರಂಗೆ ಹತ್ತಿರ. ತಂಗಡಿ ತೆಲುಗಿನ ತಂಗೇಡಿಗೆ ಹತ್ತಿರ. ಕನ್ನಡವು ಎರಡು ನೆರೆಗಳೊಂದಿಗೆ ಎರಡು ಬಗೆಯ ನಂಟನ್ನು ಒಂದೇ ಗಿಡದ ಮೇಲೆ ಉಳಿಸಿಕೊಂಡಿದೆ.

ಬಣ್ಣಕ್ಕಾಗಿ ಬಂದ ಕಳ್ಳಿ

ಪಾಪಾಸುಕಳ್ಳಿ ಅಮೆರಿಕಾ ಖಂಡದ ಗಿಡ. ಒಪನ್ಷಿಯಾ ಕುಲಕ್ಕೆ ಸೇರಿದ ಇದು ಹದಿನೈದನೆಯ ಶತಮಾನದ ಕೊನೆಯವರೆಗೆ ಹಳೆಯ ಜಗತ್ತಿನಲ್ಲಿ ಇರಲಿಲ್ಲ. ಆದರೂ ಕನ್ನಡಿಗರು ಅದನ್ನು ಕಂಡಾಗ ಹೊಸ ಪದವನ್ನು ಹುಡುಕಲಿಲ್ಲ, ಕಳ್ಳಿಯೆಂದೇ ಕರೆದರು. ತಮಿಳರೂ ಕಳ್ಳಿಯೆಂದರು, ತೆಲುಗರು ತಮ್ಮ ಜೆಮುಡು ಪದವನ್ನೂ ಮರಾಠಿಗರು ನಿವಡುಂಗ ಪದವನ್ನೂ ಅದಕ್ಕೆ ವಿಸ್ತರಿಸಿದರು. ಈ ಪದಗಳೆಲ್ಲ ಮೊದಲು ಸೂಚಿಸುತ್ತಿದ್ದುದು ಇಲ್ಲಿನ ಹಾಲುಕಳ್ಳಿಗಳನ್ನು, ಎಂದರೆ ಯುಫೋರ್ಬಿಯಾ ಕುಲದ ಗಿಡಗಳನ್ನು. ಸಸ್ಯಶಾಸ್ತ್ರದ ದೃಷ್ಟಿಯಲ್ಲಿ ಈ ಎರಡು ಕುಲಗಳಿಗೆ ಹತ್ತಿರದ ನಂಟಿಲ್ಲ. ಒಂದನ್ನು ಕಡಿದರೆ ಹಾಲು ಬರುತ್ತದೆ, ಇನ್ನೊಂದಕ್ಕೆ ಬರುವುದಿಲ್ಲ. ಆದರೆ ಎರಡು ಖಂಡಗಳ ಒಣನೆಲದಲ್ಲಿ ಬೇರೆ ಬೇರೆಯಾಗಿ ವಿಕಾಸಗೊಂಡ ಅವು ಒಂದೇ ಬಗೆಯ ರೂಪವನ್ನು ತಳೆದಿವೆ: ಎಲೆ ಇಲ್ಲವಾಗಿದೆ ಅಥವಾ ಹೆಸರಿಗಷ್ಟೇ ಇದೆ, ಕಾಂಡ ಹಸಿರಾಗಿ ಎಲೆಯ ಕೆಲಸ ಮಾಡುತ್ತಿದೆ, ಮೈತುಂಬ ಮುಳ್ಳಿದೆ. ವಿಜ್ಞಾನಿಗಳು ಇದನ್ನು ಸಮಾಭಿಮುಖ ವಿಕಾಸವೆನ್ನುತ್ತಾರೆ. ನಾಲ್ಕು ಭಾಷೆಗಳ ಜನ ವಂಶವನ್ನು ನೋಡದೆ ಬಾಳುವ ಬಗೆಯನ್ನು ನೋಡಿ ಹೆಸರಿಟ್ಟರು. ಅದು ವರ್ಗೀಕರಣದ ದೃಷ್ಟಿಯಿಂದ ತಪ್ಪು. ಹೊಂದಾಣಿಕೆಯ ದೃಷ್ಟಿಯಿಂದ ಸರಿಯಾದ ಗ್ರಹಿಕೆ.

ವಿಶೇಷಣದ ಭಾಗದಲ್ಲಿ ಮಾತ್ರ ಭಾಷೆಗಳು ಕವಲೊಡೆಯುತ್ತವೆ. ತೆಲುಗಿನ ನಾಗಜೆಮುಡು ಹಾವನ್ನು ಕಾಣುತ್ತದೆ. ಮರಾಠಿಯ ಫಡ್ಯಾ ನಿವಡುಂಗ ಹಾವಿನ ಹೆಡೆಯನ್ನು. ಕನ್ನಡ, ತಮಿಳುಗಳು ಅದೇ ಚಪ್ಪಟೆ ಕಾಂಡದಲ್ಲಿ ಮೆಟ್ಟನ್ನು ಕಂಡವು. ಕನ್ನಡದ ಪಾಪಾಸು ಎಂದರೆ ಪಾದರಕ್ಷೆ; ಪರ್ಷಿಯನ್ನಿನ ಪಾಪೋಶ್, ಕಾಲನ್ನು ಮುಚ್ಚುವುದು, ಎಂಬ ಪದದಿಂದ ಬಂದುದು. ತಮಿಳಿನ ಸಪ್ಪಾತ್ತಿಕ್ಕಳ್ಳಿಯ ಸಪ್ಪಾತ್ತು ಕೂಡ ಪಾದರಕ್ಷೆಯೇ. ಆದರೆ ಅದು ಪೋರ್ಚುಗೀಸರ ಸಪಾತು. ಕನ್ನಡಕ್ಕೆ ಆ ಪದವನ್ನು ತಂದುದು ದಖನ್ನಿನ ಸುಲ್ತಾನರ ಆಡಳಿತದ ಪರ್ಷಿಯನ್, ತಮಿಳಿಗೆ ತಂದುದು ಕರಾವಳಿಯ ಹಡಗು. ಅಮೆರಿಕಾದ ಗಿಡವೊಂದಕ್ಕೆ ದ್ರಾವಿಡ ಭಾಷೆಗಳು ಕಳ್ಳಿಯೆಂಬ ಸ್ವಂತ ಪದವನ್ನಿಟ್ಟು, ಅದರ ಮುಂದೆ ಎರಡು ಬೇರೆ ಚರಿತ್ರೆಗಳ ಎರವಲನ್ನು ಜೋಡಿಸಿವೆ.

ಈ ಗಿಡದ ಚರಿತ್ರೆಯಲ್ಲಿ ಬಣ್ಣದ ವ್ಯಾಪಾರಕ್ಕೆ ಮುಖ್ಯ ಪಾತ್ರವಿದೆ. ಒಪನ್ಷಿಯಾದ ಮೇಲೆ ಬದುಕುವ ಕೊಚಿನೀಲ್ ಕೀಟದಿಂದ ಕಿರಮಂಜಿ ಬಣ್ಣ ತೆಗೆಯುತ್ತಿದ್ದರು. ಆ ವ್ಯಾಪಾರ ಸ್ಪೇನಿನ ಹಿಡಿತದಲ್ಲಿತ್ತು. ಅದನ್ನು ಮುರಿಯುವ ಆಸೆಯಿಂದ ಮದರಾಸಿನ ಕಂಪನಿ ವೈದ್ಯಾಧಿಕಾರಿ ಜೇಮ್ಸ್ ಆಂಡರ್ಸನ್ 1786ರಿಂದ ಜೋಸೆಫ್ ಬ್ಯಾಂಕ್ಸ್‌ಗೆ ಪತ್ರಗಳನ್ನು ಬರೆದು, ಸೈದಾಪೇಟೆಯ ಬಳಿ ಕಳ್ಳಿಯ ತೋಟವನ್ನೇ ಮಾಡಿಸಿದ. 1795ರಲ್ಲಿ ನೀಲ್ಸನ್ ಎಂಬ ಕ್ಯಾಪ್ಟನ್ ಬ್ರೆಜಿಲ್ಲಿನ ರಿಯೋ ಡಿ ಜನೈರೋದಿಂದ ಕೀಟವನ್ನು ಕಲ್ಕತ್ತೆಗೆ ತಂದ. ತಂದದ್ದು ಬಣ್ಣಕ್ಕೆ ಹೆಸರಾದ ಸಾಕುತಳಿಯಲ್ಲ, ಕೀಳುದರ್ಜೆಯ ಕಾಡುತಳಿ. ಬಣ್ಣದ ಉದ್ಯಮ ಕೈಗೂಡಲಿಲ್ಲ. ಕೀಟ ಮಾತ್ರ ಹೊಸ ನಾಡಿನಲ್ಲಿ ಹಬ್ಬಿ ಒಪನ್ಷಿಯಾ ಮೋನಕಾಂಥಾ ಎಂಬ ಜಾತಿಯ ಕಳ್ಳಿಯನ್ನು ತಿಂದು ಮುಗಿಸತೊಡಗಿತು. 1836–38ರ ಹೊತ್ತಿಗೆ ಕಳ್ಳಿಯನ್ನು ಕೊಲ್ಲುವ ಉದ್ದೇಶದಿಂದಲೇ ಅದನ್ನು ದಕ್ಷಿಣ ಭಾರತಕ್ಕೆ ತಂದರು. ಕಳೆಯ ಗಿಡವೊಂದರ ನಿಯಂತ್ರಣಕ್ಕೆ ಕೀಟವನ್ನು ಬುದ್ಧಿಪೂರ್ವಕವಾಗಿ ಬಳಸಿದ ಮೊದಲ ದಾಖಲಿತ ಪ್ರಸಂಗವೆಂದು ಇದನ್ನು ಪರಿಗಣಿಸಲಾಗಿದೆ.

ಒಂದು ಕಳ್ಳಿ ಕಡಿಮೆಯಾದರೂ ಒಪನ್ಷಿಯಾ ಡಿಲೆನಿಯೈ ಎಂಬ ಇನ್ನೊಂದು ಜಾತಿ ಉಳಿಯಿತು, ಹಬ್ಬಿತು. ಮೊದಲ ಕೀಟ ಅದನ್ನು ಮುಟ್ಟುತ್ತಿರಲಿಲ್ಲ. ಜನರ ಮಾತಿನಲ್ಲಿ ಎರಡೂ ಪಾಪಾಸುಕಳ್ಳಿಯೇ. ಹೆಸರು ಒಂದಾಗಿ ಕಂಡದ್ದನ್ನು ಕೀಟದ ನಾಲಗೆ ಎರಡಾಗಿ ಕಂಡಿತು. ಊರ ಬೇಲಿ, ಗೋಮಾಳ, ಬಾವಿಯ ಸುತ್ತು, ಹಾಳುಕೋಟೆಗಳನ್ನೆಲ್ಲ ಆವರಿಸಿದ ಈ ಎರಡನೆಯ ಕಳ್ಳಿಗೆ ಉತ್ತರ ದೊರೆತದ್ದು 1926ರಲ್ಲಿ, ಶ್ರೀಲಂಕಾದಿಂದ ಇನ್ನೊಂದು ಜಾತಿಯ ಕೊಚಿನೀಲ್ ಕೀಟವನ್ನು ತಂದಾಗ. ಕೆಲವೇ ವರ್ಷಗಳಲ್ಲಿ ದಕ್ಷಿಣ ಭಾರತದ ಕಳ್ಳಿಯ ಮೆಳೆಗಳು ಕುಸಿದವು. ಇಂದು ಪಾಪಾಸುಕಳ್ಳಿ ಅಲ್ಲಲ್ಲಿ ಉಳಿದ ಗಿಡ ಮಾತ್ರ.

ಅದು ಅಷ್ಟು ಕಾಲ ಗೆದ್ದದ್ದು ಹೇಗೆ? ಅದರ ಚಪ್ಪಟೆ ತುಂಡುಗಳು ಎಲೆಗಳಲ್ಲ, ಕಾಂಡಗಳು. ಎಲೆ ಮುಳ್ಳಾಗಿ ಮಾರ್ಪಟ್ಟಿದೆ. ಮುಳ್ಳಿನ ಬುಡದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೊಕ್ಕೆಮುಳ್ಳುಗಳ ಗೊಂಚಲಿದೆ. ಬೇರು ಆಳವಲ್ಲ, ಅಗಲ. ಸಣ್ಣ ಮಳೆಯ ನೀರನ್ನೂ ಮೇಲ್ಪದರದಲ್ಲೇ ಹೀರಿಕೊಳ್ಳುತ್ತದೆ. ಕಡಿದೆಸೆದ ತುಂಡು ಬಿದ್ದಲ್ಲೇ ಬೇರೂರುವುದರಿಂದ ಅದನ್ನು ಕಡಿಯುವುದೆಂದರೆ ನೆಡುವುದೇ. ಹಣ್ಣನ್ನು ಹಕ್ಕಿಗಳು ತಿಂದು ಬೀಜವನ್ನು ದೂರ ಒಯ್ಯುತ್ತವೆ. ಎಲ್ಲಕ್ಕಿಂತ ದೊಡ್ಡ ಉಪಾಯ ಉಸಿರಾಟದ ಹೊತ್ತನ್ನು ಬದಲಿಸಿಕೊಂಡದ್ದು. ಹೆಚ್ಚಿನ ಗಿಡಗಳು ಹಗಲಿನಲ್ಲಿ ಪತ್ರರಂಧ್ರಗಳನ್ನು ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆ ತೆಗೆದುಕೊಳ್ಳುತ್ತವೆ. ಆಗಲೇ ನೀರನ್ನೂ ಕಳೆದುಕೊಳ್ಳುತ್ತವೆ. ಕಳ್ಳಿ ರಾತ್ರಿಯ ತಂಪಿನಲ್ಲಿ ರಂಧ್ರ ತೆರೆದು ಆ ಅನಿಲವನ್ನು ಮ್ಯಾಲಿಕ್ ಆಮ್ಲದ ರೂಪದಲ್ಲಿ ಕೂಡಿಡುತ್ತದೆ. ಹಗಲಿನಲ್ಲಿ ರಂಧ್ರ ಮುಚ್ಚಿಕೊಂಡು, ಕೂಡಿಟ್ಟದ್ದನ್ನು ಬಿಡಿಸಿ ಬಿಸಿಲಿನಲ್ಲಿ ಆಹಾರ ಮಾಡಿಕೊಳ್ಳುತ್ತದೆ.

ಈ ಕ್ರಮದ ಮೊದಲ ಸುಳಿವುಗಳಲ್ಲೊಂದು ದೊರೆತದ್ದು ಭಾರತದಲ್ಲೇ, ನಾಲಗೆಯ ಮೂಲಕ. ಕಾಲಿನ್ ಮೆಕೆಂಜಿಯ ಮೈಸೂರು ಸರ್ವೇಕ್ಷಣೆಯಲ್ಲಿ ಸಸ್ಯಶಾಸ್ತ್ರಜ್ಞನಾಗಿದ್ದ, ಬೆಂಗಳೂರಿನ ಲಾಲ್‌ಬಾಗನ್ನು ಕೆಲಕಾಲ ನೋಡಿಕೊಂಡಿದ್ದ ಬೆಂಜಮಿನ್ ಹೈನೆ, ಕಾಡುಬಸಳೆಯ ಎಲೆ ಬೆಳಗ್ಗೆ ಹುಳಿಯಾಗಿಯೂ ಮಧ್ಯಾಹ್ನ ರುಚಿಯಿಲ್ಲದೆಯೂ ಸಂಜೆ ಕಹಿಯಾಗಿಯೂ ಇರುವುದನ್ನು ಗಮನಿಸಿ 1813ರಲ್ಲಿ ಲಂಡನ್ನಿನ ಲಿನ್ನಿಯನ್ ಸೊಸೈಟಿಯ ಲ್ಯಾಂಬರ್ಟ್‌ಗೆ ಪತ್ರ ಬರೆದ. ಕಾಡುಬಸಳೆಯೂ ಮಡಗಾಸ್ಕರ್ ಮೂಲದ ಗಿಡ. ರಾತ್ರಿ ಕೂಡಿದ ಆಮ್ಲ ಹಗಲು ಕರಗುವ ಲೆಕ್ಕ ಸ್ಪಷ್ಟವಾಗಲು ಮತ್ತೊಂದು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಆದರೆ ಮೆಕೆಂಜಿಯ ತಂಡವನ್ನು ಶಾಸನ, ಕೈಫಿಯತ್ತುಗಳ ಸಂಗ್ರಹಕ್ಕಾಗಿ ಮಾತ್ರ ನೆನೆಯುವ ನಮಗೆ, ಅದೇ ತಂಡದ ಒಬ್ಬನ ನಾಲಗೆ ಈ ಒಣನಾಡಿನ ಇನ್ನೊಂದು ದಾಖಲೆಯನ್ನು ಓದಿತ್ತೆಂಬುದು ಗಮನಾರ್ಹ.

ಸೌದೆಗಾಗಿ ಬಂದ ಜಾಲಿ

ಮದರಾಸಿನಿಂದ ಹೊರಟ ರೈಲುಮಾರ್ಗ ಕಡಪ, ಆದವಾನಿಗಳ ಮೂಲಕ 1871ರಲ್ಲಿ ರಾಯಚೂರನ್ನು ಮುಟ್ಟಿ ಮುಂಬಯಿಯ ಮಾರ್ಗಕ್ಕೆ ಕೂಡಿತು. ಉಗಿಬಂಡಿಗಳಿಗೆ ಸೌದೆ ಬೇಕಾಗಿತ್ತು. ಮೊದಲೇ ವಿರಳವಾಗಿದ್ದ ಕುರುಚಲು ಕಾಡು ತೆಳುವಾಗುತ್ತಿತ್ತು. 1876ರಲ್ಲಿ ಮಳೆ ಕೈಕೊಟ್ಟು, 1878ರವರೆಗೆ ದತ್ತಮಂಡಲವನ್ನೂ ಮೈಸೂರನ್ನೂ ಹಿಂಡಿದ ಮಹಾಕ್ಷಾಮ ಆರಂಭವಾಯಿತು. ಅದೇ 1876ರಲ್ಲಿ ಮದರಾಸಿನ ಉತ್ತರ ವೃತ್ತದ ಅರಣ್ಯ ಸಂರಕ್ಷಣಾಧಿಕಾರಿ ಕರ್ನಲ್ ಬೆಡ್ಡೋಮ್ ಒಣನೆಲಕ್ಕೆ ಹೊಂದುವ ಪ್ರೊಸೋಪಿಸ್ ಬೀಜವನ್ನು ತರಿಸಿಕೊಡುವಂತೆ ಕಂದಾಯ ಇಲಾಖೆಗೆ ಬರೆದ. ಜಮೈಕಾದಿಂದ ಬೀಜ ಬಂತು. 1878ರಲ್ಲಿ ಕಡಪ ಜಿಲ್ಲೆಯ ಕಮಲಾಪುರದ ನೆಡುತೋಪಿನಲ್ಲಿ ಅದನ್ನು ನೆಟ್ಟರು. ಭಾರತದಲ್ಲಿ ಈ ಗಿಡದ ಮೊದಲ ನೆಲೆಗಳಲ್ಲಿ ಅದೊಂದು. ಆಮೇಲಿನ ದಶಕಗಳಲ್ಲಿ ಗೋಮಾಳ, ಕೆರೆಯಂಗಳ, ಬಂಜರುಗಳಲ್ಲಿ ಅದನ್ನು ಮತ್ತೆ ಮತ್ತೆ ನೆಡಲಾಯಿತು. ಸ್ವಾತಂತ್ರ್ಯಾನಂತರದ ಅರಣ್ಯೀಕರಣವೂ ಆ ದಾರಿಯನ್ನೇ ಹಿಡಿಯಿತು.

ಬಳ್ಳಾರಿ ಜಾಲಿಯ ಹೊಂದಾಣಿಕೆಯನ್ನು ನೋಡಿದರೆ ಅದನ್ನು ಆರಿಸಿದವರ ಲೆಕ್ಕ ತಪ್ಪಾಗಿರಲಿಲ್ಲ, ಅರ್ಧವಾಗಿತ್ತು ಎನಿಸುತ್ತದೆ. ತಾಯಿಬೇರು ಅಂತರ್ಜಲದತ್ತ ಇಳಿಯುತ್ತದೆ, ಪಕ್ಕದ ಬೇರುಗಳು ಮೇಲ್ಪದರದಲ್ಲಿ ಹರಡುತ್ತವೆ. ಒಂದು ಬತ್ತಿದರೆ ಇನ್ನೊಂದು ನಡೆಸುತ್ತದೆ. ಬೇರುಗಂಟಿನ ಬ್ಯಾಕ್ಟೀರಿಯಾಗಳ ನೆರವಿನಿಂದ ಗಾಳಿಯ ಸಾರಜನಕವನ್ನು ಪಡೆಯುವುದರಿಂದ ಬಡನೆಲದಲ್ಲೂ ಬೆಳೆಯುತ್ತದೆ, ಚೌಳುನೆಲವನ್ನೂ ತಾಳುತ್ತದೆ. ಎಲೆಯನ್ನು ಆಡು, ಕುರಿ, ದನಗಳು ಬಿಟ್ಟುಬಿಡುತ್ತವೆ. ಸಿಹಿಯಾದ ಕಾಯನ್ನು ಮಾತ್ರ ಆಸೆಯಿಂದ ತಿನ್ನುತ್ತವೆ. ಗಟ್ಟಿಕವಚದ ಬೀಜ ಹೊಟ್ಟೆಯೊಳಗೆ ಜೀರ್ಣವಾಗದೆ, ಮೆತ್ತಗಾಗಿ, ಗೊಬ್ಬರದೊಂದಿಗೆ ಹೊಸ ನೆಲಕ್ಕೆ ಬೀಳುತ್ತದೆ. ತನ್ನನ್ನು ಮೇಯದಂತೆ ತಡೆದು, ತನ್ನ ಬೀಜವನ್ನು ಮಾತ್ರ ಹೊರಿಸುವ ಈ ಏರ್ಪಾಟಿಗೆ ದತ್ತಮಂಡಲದ ಕುರಿಗಾರಿಕೆಗಿಂತ ಅನುಕೂಲವಾದ ಸಾಗಣೆ ಇನ್ನೊಂದಿರಲಾರದು. ಕಡಿದರೆ ಬುಡದಿಂದ ಒಂದರ ಬದಲು ಹಲವು ಕವಲುಗಳು ಏಳುತ್ತವೆ, ಮರವಾಗಬೇಕಿದ್ದುದು ಮೆಳೆಯಾಗುತ್ತದೆ. ಅದರಡಿ ಹುಲ್ಲು ಬೆಳೆಯುವುದು ಕಷ್ಟ.

ಅರ್ಧ ಲೆಕ್ಕವೆಂದದ್ದು ಇದಕ್ಕೇ. ಗಿಡ ಬರದಲ್ಲಿ ಬದುಕುತ್ತದೆಯೇ ಎಂದು ಕೇಳಿದರು; ಅದರೊಂದಿಗೆ ಉಳಿದದ್ದು ಬದುಕುತ್ತದೆಯೇ ಎಂದು ಕೇಳಲಿಲ್ಲ. ಹಾಗೆಂದು ಜನರ ಪಾಲಿಗೆ ಅದು ಶಾಪ ಮಾತ್ರವಲ್ಲ. ಹೊಲವಿಲ್ಲದ ಮನೆಯ ಒಲೆ ಇಂದಿಗೂ ಅದರ ಸೌದೆಯಿಂದ ಉರಿಯುತ್ತದೆ. ಇದ್ದಿಲು ಸುಡುವವರ ಅನ್ನ ಅದರಲ್ಲಿದೆ. ಕುರಿಗಾರನಿಗೆ ಹುಲ್ಲನ್ನು ಕಸಿದದ್ದೂ, ಬೇಸಿಗೆಯಲ್ಲಿ ಕಾಯನ್ನು ಕೊಟ್ಟದ್ದೂ ಅದೇ ಗಿಡ.

ಈಗ ಹೆಸರುಗಳಿಗೆ ಬರೋಣ. ತೆಲುಗಿನಲ್ಲಿ ಸರ್ಕಾರು ತುಮ್ಮ. ತಮಿಳಿನಲ್ಲಿ ಸೀಮೈ ಕರುವೇಲಂ. ಸೊಲ್ಲಾಪುರದ ಕಡೆಯ ಮರಾಠಿಯಲ್ಲಿ ವಿಲಾಯತಿ ಬಾಭೂಳ, ವೇಡಿ ಬಾಭೂಳ. ಕನ್ನಡದಲ್ಲಿ ಬಳ್ಳಾರಿ ಜಾಲಿ. ನಾಮಪದದ ಭಾಗದಲ್ಲಿ ಎಲ್ಲ ಭಾಷೆಗಳೂ ಕಳ್ಳಿಯ ವಿಷಯದಲ್ಲಿ ಮಾಡಿದ್ದನ್ನೇ ಮಾಡಿವೆ: ರೂಪ ನೋಡಿ ನಾಟಿ ಕುಲಕ್ಕೆ ಸೇರಿಸಿಕೊಂಡಿವೆ. ವಿಶೇಷಣದಲ್ಲಿ ಮಾತ್ರ ನಾಟಿ ಗಿಡಗಳ ನಿಯಮವನ್ನು ಬಿಟ್ಟಿವೆ. ವೇಡಿ, ಹುಚ್ಚು, ಎಂಬುದೊಂದು ಗಿಡದ ನಡತೆಯನ್ನು ಹೇಳುತ್ತದೆ. ಉಳಿದ ಹೆಸರುಗಳಲ್ಲಿ ಬಣ್ಣವಿಲ್ಲ, ಆಕಾರವಿಲ್ಲ. ಎಲ್ಲಿಂದ ಬಂತು, ಯಾರು ತಂದರು ಎಂಬುದಿದೆ. ಗಿಡದ ಮೈಗೆ ಬದಲಾಗಿ ಗಿಡದ ಹಿಂದಿನ ಅಧಿಕಾರ ಹೆಸರಾಯಿತು. ಅರಣ್ಯ ಇಲಾಖೆಯ ಕಡತಗಳು ಇಂಗ್ಲಿಷಿನಲ್ಲಿ ಬರೆದಿಟ್ಟ ಚರಿತ್ರೆಯನ್ನು ಹಳ್ಳಿಯ ತೆಲುಗು ಒಂದೇ ಪದದಲ್ಲಿ ಉಳಿಸಿಕೊಂಡಿದೆ.

ಸೀಮೆಯ ಅರ್ಥಗಳು

ತಮಿಳು ಹೆಸರಿನ ಸೀಮೈ ನಮ್ಮ ಸೀಮೆಯೇ. ಸಂಸ್ಕೃತದ ಸೀಮಾ ಎಂದರೆ ಎಲ್ಲೆ. ಕನ್ನಡದಲ್ಲಿ ಅದು ಎಲ್ಲೆಯೊಳಗಿನ ನಾಡೂ ಆಯಿತು. ಆಮೇಲೆ ಎಲ್ಲೆಯಾಚೆಯದೂ ಆಯಿತು. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹುಣಸೆ, ಸೀಮೆಬದನೆಗಳ ಸೀಮೆ ಹೊರನಾಡು. ಗಡಿ, ಒಳಗು, ಹೊರಗು, ಈ ಮೂರನ್ನೂ ಒಂದೇ ಪದ ಹೊತ್ತಿದೆ. 1928ರಲ್ಲಿ ನಂದ್ಯಾಲದ ಸಭೆಯಲ್ಲಿ ಚಿಲುಕೂರಿ ನಾರಾಯಣರಾವ್ ದತ್ತಮಂಡಲಕ್ಕೆ ರಾಯಲಸೀಮೆಯೆಂಬ ಹೆಸರನ್ನು ಸೂಚಿಸಿದಾಗ ಆ ಪದಕ್ಕೆ ಇನ್ನೊಂದು ಹೊಣೆ ಸೇರಿತು: ಯಾರೋ ಯಾರಿಗೋ ಕೊಟ್ಟುಬಿಟ್ಟ ನೆಲವೆಂಬ ಹೆಸರನ್ನು ಕಳಚಿ, ಅರಸರಾಳಿದ ನಾಡೆಂಬ ಹೆಸರನ್ನು ತೊಡಿಸುವುದು.

ಬಳ್ಳಾರಿ ಜಾಲಿಯೆಂಬ ಹೆಸರನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಸೀಮೆಬದನೆಯನ್ನು ತೆಲುಗರು ಬೆಂಗಳೂರು ವಂಕಾಯ ಎನ್ನುತ್ತಾರೆ, ಬೆಂಗಳೂರಿನವರು ಹಾಗೆನ್ನುವುದಿಲ್ಲ. ಊರಿನ ಹೆಸರಿಟ್ಟು ಗಿಡವನ್ನೋ ಕಾಯಿಯನ್ನೋ ಕರೆಯುವವರು ಆ ಊರಿನ ಹೊರಗೆ ನಿಂತಿರುತ್ತಾರೆ. ಬಳ್ಳಾರಿ ಜಾಲಿಯೆಂಬುದು ಹೊರಗೆ ನಿಂತು ಬಳ್ಳಾರಿಯನ್ನು ನೋಡುವವರ ಮಾತು; ಮೈಸೂರು ಸಂಸ್ಥಾನದ ಕಡೆಯಿಂದ ನೋಡಿದರೆ ಬಳ್ಳಾರಿ ಮದರಾಸು ಪ್ರಾಂತ, ಕಂಪನಿಯ ಮತ್ತು ಆಮೇಲೆ ಬ್ರಿಟಿಷರ ನೇರ ಆಡಳಿತದ ನೆಲ. ಹಾಗೆ ನೋಡಿದಾಗ ಕನ್ನಡದ ಬಳ್ಳಾರಿ, ತೆಲುಗಿನ ಸರ್ಕಾರು, ತಮಿಳಿನ ಸೀಮೈ, ಮರಾಠಿಯ ವಿಲಾಯತಿ ಒಂದೇ ದಿಕ್ಕನ್ನು ತೋರುತ್ತವೆ.

ಆ ಬಳ್ಳಾರಿ ಇಂದಿನ ಬಳ್ಳಾರಿಯಲ್ಲ. ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯೊಳಗೆ ಆದವಾನಿ, ಆಲೂರು, ರಾಯದುರ್ಗಗಳೂ ಇದ್ದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆ ಮೂರು ತಾಲೂಕುಗಳು ಅಲ್ಲಿಗೆ ಸೇರಿದವು. ಬಳ್ಳಾರಿ ತಾಲೂಕಿನ ವಿಷಯ ಮಿಶ್ರ ಆಯೋಗದ ಮುಂದೆ ಹೋಗಿ, ಅದೂ ಉಳಿದ ತಾಲೂಕುಗಳೂ ಮೈಸೂರಿಗೆ ಬಂದವು. ರಾಯದುರ್ಗ ಅನಂತಪುರ ಜಿಲ್ಲೆಗೂ ಆದವಾನಿ, ಆಲೂರುಗಳು ಕರ್ನೂಲಿಗೂ ಹೋದವು. ಮಡಕಶಿರಾ ಮೊದಲೇ ಅನಂತಪುರದಲ್ಲಿತ್ತು. 2022ರಿಂದ ಅದು ಶ್ರೀ ಸತ್ಯಸಾಯಿ ಜಿಲ್ಲೆ. ರಾಯದುರ್ಗದ ಕನ್ನಡಿಗನೊಬ್ಬ ತನ್ನ ಹೊಲದ ಬದಿಯ ಗಿಡವನ್ನು ಬಳ್ಳಾರಿ ಜಾಲಿಯೆಂದಾಗ, ತನಗೆ ತಿಳಿಯದೆಯೇ ಎಪ್ಪತ್ತು ವರ್ಷಗಳ ಹಿಂದಿನ ತನ್ನದೇ ಜಿಲ್ಲೆಯ ಹೆಸರನ್ನು ಹೇಳುತ್ತಾನೆ. ಕಂದಾಯದ ದಾಖಲೆಯಲ್ಲಿ ಇಲ್ಲವಾದ ಸಂಬಂಧ ಮುಳ್ಳುಗಿಡದ ಹೆಸರಿನಲ್ಲಿ ಉಳಿದಿದೆ.

ಹೋಲಿಕೆಯ ಅಪಾಯ ಮತ್ತು ಮಾಡಬೇಕಾದ ಕೆಲಸ

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಗಿಡಗಳ ಹೊಂದಾಣಿಕೆಯನ್ನು ಬರೆಯುವಾಗ ಗಡಿನಾಡಿನ ಭಾಷಾಸಮುದಾಯಗಳೊಂದಿಗೆ ಹೋಲಿಸುವ ಆಸೆ ಸಹಜ: ಬರದಲ್ಲೂ ಬೇರೂರಿ ನಿಂತ ಜಾಲಿಯಂತೆ ಪರರಾಜ್ಯದಲ್ಲಿ ಉಳಿದ ಕನ್ನಡ ಎಂದು. ಈ ಹೋಲಿಕೆಯನ್ನು ಒಪ್ಪಿದರೆ ಅದರ ಮತ್ತೊಂದು ಮುಖವನ್ನೂ ಒಪ್ಪಬೇಕಾಗುತ್ತದೆ. ಹೊರಗಿನಿಂದ ಬಂದು ಹಬ್ಬಿದ್ದು, ಆದ್ದರಿಂದ ಕಿತ್ತೆಸೆಯಬೇಕಾದದ್ದು ಎಂಬ ಮಾತು ಗಿಡದಿಂದ ಜನರ ಮೇಲೆ ಜಾರಲು ಹೆಚ್ಚು ಹೊತ್ತು ಬೇಡ. ಮಡಕಶಿರಾದ, ಆದವಾನಿಯ ಕನ್ನಡಿಗರು ಎಲ್ಲಿಂದಲೂ ಬಂದವರಲ್ಲ. ಅವರಿದ್ದಲ್ಲಿಗೆ ಗಡಿ ಬಂತು. ಅವರ ಪಕ್ಕದ ತೆ‌ಲುಗರ ವಿಷಯವೂ, ಗಡಿಯ ಈಚೆಗಿನ ತೆಲುಗರ ವಿಷಯವೂ ಹಾಗೆಯೇ. ಮನುಷ್ಯರ ಬಾಳಿಗೆ ಸಸ್ಯದ ರೂಪಕ ಕೊಡುವುದಕ್ಕಿಂತ, ಆ ಮನುಷ್ಯರು ಸಸ್ಯಗಳ ಬಗ್ಗೆ ಏನನ್ನು ಬಲ್ಲರೆಂದು ಕೇಳುವುದು ಹೆಚ್ಚು ಉಪಯುಕ್ತ.

ಏಕೆಂದರೆ ಆ ತಿಳಿವು ಕರಗುತ್ತಿದೆ. ಇಂದು ಜಾಲಿಯೆಂದಷ್ಟೇ ಅಂದರೆ ಹಲವರ ಮನಸ್ಸಿಗೆ ಬರುವುದು ಬಳ್ಳಾರಿ ಜಾಲಿ. ಬಂದದ್ದು ಕುಲದ ಹೆಸರನ್ನೇ ಪಡೆದಾಗ, ಮೊದಲಿದ್ದುದಕ್ಕೆ ವಿಶೇಷಣ ಬೇಕಾಗುತ್ತದೆ. ಆ ವಿಶೇಷಣ ನೆನಪಿನಲ್ಲಿರದಿದ್ದರೆ ಗಿಡವೇ ಕಣ್ಣಿಗೆ ಬೀಳುವುದಿಲ್ಲ. ಇದು ಬರಿಯ ಪದದ ಪ್ರಶ್ನೆಯಲ್ಲ. ತಮಿಳುನಾಡಿನಲ್ಲಿ ಸೀಮೈ ಕರುವೇಲಂ ನಿರ್ಮೂಲನದ ವಿಷಯ 2017ರಲ್ಲಿ ಉಚ್ಚ ನ್ಯಾಯಾಲಯದ ಮುಂದಿತ್ತು. ಆಕ್ರಮಣಕಾರಿ ಸಸ್ಯಗಳ ಬಗೆಗೆ ಆ ರಾಜ್ಯ 2022ರಲ್ಲಿ ನೀತಿಯನ್ನೂ ರೂಪಿಸಿತು. ಇಂತಹ ಕಾರ್ಯಾಚರಣೆ ಎಲ್ಲಿಯೇ ನಡೆಯಲಿ, ಕಡಿಯುವ ಕೈಗೆ ಕರಿಜಾಲಿಯೂ ಬಳ್ಳಾರಿ ಜಾಲಿಯೂ ಬೇರೆಯೆಂದು ತಿಳಿದಿರಬೇಕು. ಎಳೆಯ ಗಿಡಗಳಲ್ಲಿ ಆ ವ್ಯತ್ಯಾಸವನ್ನು ಕಾಣುವುದು ಪುಸ್ತಕದಿಂದಲ್ಲ, ಆಡು ಮೇಯಿಸಿದ ಕಣ್ಣಿನಿಂದ.

ಬನ್ನಿಯ ಪ್ರಸಂಗ ಇದನ್ನು ಸ್ಪಷ್ಟಪಡಿಸುತ್ತದೆ. ಬಹುಕಾಲ ಸಸ್ಯಶಾಸ್ತ್ರ ಬನ್ನಿಯನ್ನೂ ಬಳ್ಳಾರಿ ಜಾಲಿಯನ್ನೂ ಪ್ರೊಸೋಪಿಸ್ ಎಂಬ ಒಂದೇ ಕುಲದಲ್ಲಿ ಇರಿಸಿತ್ತು. ಜನ ಮಾತ್ರ ಒಂದನ್ನು ಬನ್ನಿಯೆಂದು ವಿಜಯದಶಮಿಯಂದು ಪೂಜಿಸಿದರು, ಇನ್ನೊಂದನ್ನು ಜಾಲಿಯ ಗುಂಪಿಗೆ ತಳ್ಳಿದರು. 2022ರಲ್ಲಿ ಪ್ರಕಟವಾದ ಪರಿಷ್ಕರಣೆ ಆ ಕುಲವನ್ನು ಒಡೆದು, ಬನ್ನಿಯನ್ನು ಪ್ರೊಸೋಪಿಸ್‌ನಲ್ಲೇ ಉಳಿಸಿ, ಅಮೆರಿಕಾದ ಜಾಲಿಯನ್ನು ನೆಲ್ಟುಮಾ ಕುಲಕ್ಕೆ ಸೇರಿಸಿತು. ಬನ್ನಿಯ ಮುಳ್ಳು ಗೆಣ್ಣುಗಳ ನಡುವೆ ಹುಟ್ಟುತ್ತದೆ, ಬಳ್ಳಾರಿ ಜಾಲಿಯದು ಎಲೆಯ ಕಂಕುಳಲ್ಲಿ ಹುಟ್ಟುತ್ತದೆ ಎಂಬ ವ್ಯತ್ಯಾಸವೂ ಅದರ ಆಧಾರಗಳಲ್ಲೊಂದು. ಜನಪದರ ವರ್ಗೀಕರಣ ಯಾವಾಗಲೂ ಸರಿಯೆಂದು ಇದರಿಂದ ಸಿದ್ಧವಾಗುವುದಿಲ್ಲ. ಕೆಲವೆಡೆ ಬನ್ನಿಯೆಂದು ಪೂಜಿಸುವುದು ಬೇರೊಂದು ಜಾತಿಯ ಮರವನ್ನು. ಆದರೆ ಆ ವರ್ಗೀಕರಣವನ್ನು ಅಜ್ಞಾನವೆಂದು ಬದಿಗಿರಿಸುವುದಕ್ಕೆ ಕಾರಣವಿಲ್ಲವೆಂಬುದಂತೂ ಸಿದ್ಧವಾಗುತ್ತದೆ.

ಗಡಿನಾಡಿನ ಕನ್ನಡವನ್ನು ಕುರಿತ ನಮ್ಮ ಅಧ್ಯಯನಗಳು ಶಾಸನ, ಸಾಹಿತ್ಯ, ಶಾಲೆ, ಆಡಳಿತಭಾಷೆಗಳ ಸುತ್ತ ಹೆಚ್ಚಾಗಿ ನಡೆದಿವೆ; ಅದು ಅಗತ್ಯವೂ ಹೌದು. ಅವುಗಳ ಜೊತೆಗೆ ಒಂದು ಕೆಲಸ ಆಗಬೇಕಿದೆ: ಆದವಾನಿಯಿಂದ ಮಡಕಶಿರಾದವರೆಗೆ, ಹೊಸೂರು ತಾಳವಾಡಿಗಳಲ್ಲಿ, ಅಕ್ಕಲಕೋಟೆ ಜತ್ತಗಳಲ್ಲಿ, ಒಂದೊಂದು ಹಳ್ಳಿಯಲ್ಲೂ ಅದೇ ಹಳ್ಳಿಯ ಎರಡು ಅಥವಾ ಮೂರು ಭಾಷೆಗಳ ಗಿಡಮರಗಳ ಹೆಸರುಗಳನ್ನು ಒಟ್ಟಿಗೆ ದಾಖಲಿಸುವುದು. ಹೆಸರಿನೊಂದಿಗೆ ಗಿಡ ಎಲ್ಲಿ ಬೆಳೆಯುತ್ತದೆ, ಯಾವಾಗ ಚಿಗುರುತ್ತದೆ, ಯಾವ ಪ್ರಾಣಿ ತಿನ್ನುತ್ತದೆ, ಯಾವುದು ಮುಟ್ಟುವುದಿಲ್ಲ ಎಂಬುದೂ ಬರಬೇಕು. ಭಾಷೆಗಳನ್ನು ಬೇರೆ ಬೇರೆ ಪಟ್ಟಿಗಳಲ್ಲಿ ಹಾಕಿದರೆ ಸಿಗದ ಸಂಗತಿ, ಪಾಪಾಸು ಸಪ್ಪಾತ್ತುಗಳ ನಡುವಿನಂಥದು, ಒಟ್ಟಿಗೆ ಇಟ್ಟಾಗ ಸಿಗುತ್ತದೆ. ಕನ್ನಡ ಮಾಧ್ಯಮದ ಶಾಲೆಗಳು ಉಳಿದಿರುವ ಹಳ್ಳಿಗಳಲ್ಲಿ ಮಕ್ಕಳೇ ಈ ಕೆಲಸವನ್ನು ಆರಂಭಿಸಬಹುದು. ಹೇಳುವ ಹಿರಿಯರು ಇನ್ನೂ ಮನೆಯಲ್ಲಿದ್ದಾರೆ.

ಪಾಪಾಸುಕಳ್ಳಿಯ ಮೆಳೆ ಕುಸಿದು ಒಂದು ಶತಮಾನವಾಗುತ್ತ ಬಂತು. ಅದರ ಹೆಸರು ಮಾತ್ರ ನಿಘಂಟಿನಲ್ಲೂ ಹಳ್ಳಿಯ ಮಾತಿನಲ್ಲೂ ಉಳಿದು, ಪಾಪಾಸು ಮೆಟ್ಟಿ ನಡೆದ ಕಾಲವನ್ನು ನೆನಪಿಸುತ್ತದೆ. ಬಳ್ಳಾರಿ ಜಾಲಿಯನ್ನು ನಾಳೆ ಕಡಿದರೂ ಅದರ ಹೆಸರು ಹಳೆಯ ಜಿಲ್ಲೆಯೊಂದನ್ನು ಹೇಳುತ್ತಲೇ ಇರುತ್ತದೆ. ಕರಿಜಾಲಿ, ಬಿಳಿಜಾಲಿ, ತಂಗಡಿ, ಬನ್ನಿಗಳ ಹೆಸರಿಗೆ ಅಂತಹ ಭರವಸೆಯಿಲ್ಲ. ಅವುಗಳನ್ನು ಯಾವ ಸರ್ಕಾರವೂ ತರಿಸಲಿಲ್ಲ, ಆದ್ದರಿಂದ ಯಾವ ಕಡತದಲ್ಲೂ ಅವುಗಳ ಆಗಮನದ ದಿನವಿಲ್ಲ. ಅವುಗಳ ದಾಖಲೆ ಇರುವುದು ಹೇಳುವವರ ಬಾಯಲ್ಲಿ. ಬರೆದುಕೊಳ್ಳುವ ಕೆಲಸ ನಮ್ಮದು.